ತಿರುವಿಗೆ ಮುಂಚಿನ ಸದ್ದು

ಟಿಣ್.

ಅಷ್ಟೇ. ಚಮಚ ಲೋಟದ ಅಂಚಿಗೆ ತಾಗಿದರೆ ಆಗುವಷ್ಟು ಸಣ್ಣ ಸದ್ದು. ಊರೆಲ್ಲ ಮಲಗಿ, ಸರೋವರದ ಮೇಲೆ ಮಂಜು ಕವುಚಿಕೊಂಡಿದ್ದ ಹೊತ್ತು. ಅವಳು ಹೆಡ್‌ಫೋನ್ ಹಾಕಿಕೊಂಡು ಆಗತಾನೇ ಹೇಳಿ ಮುಗಿಸಿದ ತನ್ನದೇ ಮಾತನ್ನು ತಿರುಗಿ ಕೇಳುತ್ತಿದ್ದಳು. "ಈಗ ನಿಮ್ಮ ಎಡಗಡೆಗೆ ನೋಡಿ. ನೀರಿನ ಮೇಲೆ ಬಾಗಿ ನಿಂತಿರುವ ಈ ಬಂಡೆಯನ್ನು ಊರಿನವರು 'ಮುಖ ತೊಳೆಯೋ ಅಜ್ಜಿ' ಅನ್ನುತ್ತಾರೆ..." ದನಿ ಚೆನ್ನಾಗಿಯೇ ಬಂದಿತ್ತು. ಆದರೆ 'ಈಗ' ಅನ್ನುವುದಕ್ಕೆ ಮುಂಚೆ, ಅವಳು ಬೇಕೆಂದೇ ಬಿಟ್ಟಿದ್ದ ಮೌನದ ನಡುವೆ, ಟಿಣ್.

ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಇತ್ತು. ಮುಂದಿನ ತಿರುವಿನ ಹತ್ತಿರ ಹೋದಳು. ಅಲ್ಲೂ ಇತ್ತು.

ಅದು ಮನೆಯ ಹಿಂಬದಿಯ ಕೋಣೆ. ಅಪ್ಪ ಲಾಂಚು ನಡೆಸುತ್ತಿದ್ದ ಕಾಲದಲ್ಲಿ ಹಗ್ಗ, ಹುಟ್ಟು, ಡೀಸೆಲ್ ಡಬ್ಬ ತುಂಬಿಕೊಂಡಿದ್ದ ಜಾಗ. ಈಗ ಸದ್ದು ಒಳಗೆ ಬಾರದಿರಲೆಂದು ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದು, ಮಧ್ಯೆ ಒಂದು ದೊಡ್ಡ ಮೇಜು ಹಾಕಿಕೊಂಡಿದ್ದಳು. ಮೇಜಿನ ಒಂದು ಮೂಲೆಯಲ್ಲಿ ಮೈಕು. ಇನ್ನೊಂದರಲ್ಲಿ ಜೇನಿನ ಬಾಟಲಿಗಳು, ಅವಕ್ಕೆ ಅಂಟಿಸಬೇಕಾದ ಚಿತ್ರದ ಚೀಟಿಗಳು. ಅದರಾಚೆ ಪ್ರವಾಸಿಗರಿಗಾಗಿ ಅವಳು ಬಣ್ಣದಲ್ಲಿ ಬರೆಯುತ್ತಿದ್ದ ಸರೋವರದ ನಕಾಶೆ. ಕೊನೆಯ ಮೂಲೆಯಲ್ಲಿ ಒಂದು ಮದುವೆಯ ಫೋಟೋಗಳು. ಅವುಗಳಲ್ಲಿ ಮದುಮಗ ಕಣ್ಣು ಬಿಟ್ಟಿರುವ ಒಂದನ್ನಾದರೂ ಹುಡುಕಬೇಕಿತ್ತು. ಬೇಕರಿಯ ಹೊಸ ಬೋರ್ಡು ಗೋಡೆಗೊರಗಿ ಒಣಗುತ್ತಿತ್ತು. ಶಾಲೆಯ ನಾಟಕಕ್ಕೆ ಮುಖವಾಡ ಮಾಡುವಾಗ ಬೇಕಾಗುತ್ತದೆಂದು ತಂದಿದ್ದ ನಿಲುವುಗನ್ನಡಿಯ ಮೇಲೆ ಅರೆಬರೆ ಬಣ್ಣದ ಕರಡಿಯೊಂದು ನೇತಾಡುತ್ತಿತ್ತು.

ಸದ್ದು ಎಲ್ಲಿಂದ ಬಂತು? ಅವಳು ಒಂದೊಂದೇ ಕೆಲಸವನ್ನು ಕಟಕಟೆಗೆ ಕರೆದಳು. ಬಾಟಲಿಗಳ ಮುಚ್ಚಳ ಬಿಗಿ ಮಾಡಿದಳು. ಬೋರ್ಡಿನ ಮೊಳೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕುಂಚ ನೆನೆಹಾಕಿದ್ದ ಡಬ್ಬವನ್ನು ಎತ್ತಿ ನೆಲಕ್ಕಿಟ್ಟಳು. ಕರಡಿಯನ್ನೂ ಬಿಡಲಿಲ್ಲ, ಅದರ ಕಿವಿಗೆ ಹೊಲಿದಿದ್ದ ಗುಂಡಿಯನ್ನು ಅಲುಗಿಸಿದಳು. ಆಮೇಲೆ ಉಸಿರು ಬಿಗಿಹಿಡಿದು ಕೂತಳು. ಏನೂ ಇಲ್ಲ. ಮಾತಾಡಲು ಶುರು ಮಾಡಿದರೆ ಮಾತ್ರ, ತಿರುವಿನ ಹತ್ತಿರ ಬಂದಾಗ ಮಾತ್ರ, ಟಿಣ್.

ತಾನು ಮಾತಾಡುವಾಗಷ್ಟೇ ಬರುವ ಸದ್ದು ಅಂದರೆ ದೋಷ ತನ್ನಲ್ಲೇ ಇರಬೇಕು ಅನ್ನಿಸಿ ಅವಳಿಗೆ ಗಾಬರಿಯಾಯಿತು. ದವಡೆ ಮುಟ್ಟಿಕೊಂಡು, ಬಾಯಿ ತೆರೆದು ಮುಚ್ಚಿ ನೋಡಿದಳು. ದವಡೆ ತೆಪ್ಪಗಿತ್ತು.

ಬೇರೆ ಯಾವ ಕೆಲಸವಾಗಿದ್ದರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಲಾಂಚಿನ ಕೆಲಸ. ಇದರ ಮೇಲೆ ಒಂದು ಪಂಥವಿತ್ತು.

ಆ ಊರಿಗೆ ಬರುವವರೆಲ್ಲ ಸರೋವರಕ್ಕೆಂದೇ ಬರುತ್ತಾರೆ, ಲಾಂಚು ಹತ್ತಿ ಒಂದು ಸುತ್ತು ಹಾಕುತ್ತಾರೆ. ಸುತ್ತುವಾಗ ಇದು ಇಂಥ ಬಂಡೆ, ಇದು ಇಂಥ ಕೊಲ್ಲಿ ಅಂತ ಯಾರಾದರೂ ಹೇಳಬೇಕಲ್ಲ? ಮೂವತ್ತು ವರ್ಷ ಅಪ್ಪನೇ ಹೇಳಿದ್ದ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದನ್ನು ಗಾಳಿಯಲ್ಲಿ ಆಡಿಸುತ್ತ, ಕೂತವರ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತ. ಮಂಡಿ ಹೋದಮೇಲೆ ಅಪ್ಪ ದಡ ಸೇರಿದ. ಆಮೇಲೆ ಬಂದ ಚಾಲಕರಲ್ಲಿ ಕೆಲವರಿಗೆ ಮಾತೇ ಬರದು, ಕೆಲವರು ಬಾಯಿಗೆ ಬಂದದ್ದು ಹೇಳುವವರು. ಒಬ್ಬನಂತೂ ಸರೋವರದ ತಳದಲ್ಲಿ ವಿಮಾನವಿದೆ ಅಂತ ಹೇಳಿ, ಅದನ್ನು ತೋರಿಸಲೇಬೇಕೆಂದು ಹಟ ಹಿಡಿದ ಮಗುವಿನಿಂದ ಪೆಟ್ಟು ತಿಂದಿದ್ದ. ಕೊನೆಗೆ ಲಾಂಚು ಸಂಘದವರು ಬರೆಸಿದ ಮಾತನ್ನೇ ಒಂದು ಒಳ್ಳೆಯ ದನಿಯಲ್ಲಿ ಹಿಡಿದಿಟ್ಟು, ಎಲ್ಲ ಲಾಂಚಿನಲ್ಲೂ ಸ್ಪೀಕರಿನಲ್ಲಿ ಹಾಕೋಣ ಎಂದು ತೀರ್ಮಾನಿಸಿದರು. ಬರೆಯುವ ಕೆಲಸ, ಹೇಳುವ ಕೆಲಸ ಎರಡೂ ಅವಳಿಗೆ ಬಂದವು.

ಬಾರದೆ ಇನ್ನೇನು? ಊರಿನಲ್ಲಿ ಅವಳಿಗೆ ಇಟ್ಟ ಹೆಸರೇ 'ಹತ್ತುಕೈ'. ಕಾಲೇಜು ಮುಗಿಸಿ ಬಂದ ದಿನದಿಂದ ಅವಳು ಹಿಡಿಯದ ಕೆಲಸವಿಲ್ಲ. ಬೋರ್ಡು ಬರೆಯುವವಳು ಅವಳೇ, ಫೋಟೋ ಹಿಡಿಯುವವಳು ಅವಳೇ. ಯಾರದೋ ಅಂಗಡಿಗೆ ನಾಲ್ಕು ಸಾಲು ಬೇಕು, ಹತ್ತುಕೈ. ಯಾರದೋ ಮಗುವಿಗೆ ಹುಲಿ ಮುಖ ಬೇಕು, ಹತ್ತುಕೈ. ಒಂದು ಕೆಲಸ ಒಣಗುವಷ್ಟರಲ್ಲಿ ಇನ್ನೊಂದು, ಅದು ಮುಗಿಯುವಷ್ಟರಲ್ಲಿ ಮತ್ತೊಂದು. ಬೇಸಿಗೆಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದರೆ ಫೋನು ಬರುತ್ತದೋ ಇಲ್ಲವೋ ಎಂದು ಕಿಟಕಿ ಕಾಯುವುದು.

ಅಪ್ಪನಿಗೆ ಇದು ಸುತರಾಂ ಹಿಡಿಸದು. "ಎರಡು ದೋಣಿ ಮೇಲೆ ಕಾಲಿಟ್ಟೋರನ್ನ ನೋಡಿದ್ದೀನಿ. ಇವಳು ಏಳು ದೋಣಿ ಮೇಲೆ ನಿಂತಿದ್ದಾಳೆ. ಕಾಲಿರೋದು ಮಾತ್ರ ಎರಡೇ," ಅನ್ನುತ್ತಿದ್ದ. ಅವಳು ಮಾಡುವುದನ್ನು ಅವನು ಕೆಲಸ ಎಂದು ಕರೆದದ್ದೇ ಇಲ್ಲ. ಬೋರ್ಡು ಬರೆದರೆ 'ಗೀಚಾಟ', ಮುಖವಾಡ ಮಾಡಿದರೆ 'ಗೊಂಬೆಯಾಟ'. ದನಿಯ ಕೆಲಸ ಬಂದಾಗ ದಡದ ಮೇಲೆ, ಎಲ್ಲರ ಎದುರು ಹೇಳಿದ್ದ:

"ನೀರು ನಿನ್ನ ಟೇಪು ಕೇಳ್ಕೊಂಡು ಹರಿಯಲ್ಲ. ಗಾಳಿ ಎದುರಾದ ದಿನ ದೋಣಿ ಒಂದು ಕಡೆ, ನಿನ್ನ ಮಾತು ಇನ್ನೊಂದು ಕಡೆ. ಬಂಡೆ ಬರೋ ಮುಂಚೆ 'ಬಂಡೆ ನೋಡಿ' ಅಂತೀಯ, ಜನ ನೀರು ನೋಡ್ಕೊಂಡು ನಗ್ತಾರೆ."

"ಅದಕ್ಕೇ ಪ್ರತಿ ತಿರುವಿಗೆ ಮುಂಚೆ ಬಿಡುವು ಇಟ್ಟಿದ್ದೀನಪ್ಪ. ಗಾಳಿ ಹೆಚ್ಚುಕಡಿಮೆ ಆದ್ರೆ ದೋಣಿ ಅಷ್ಟರಲ್ಲಿ ಬಂದು ಸೇರ್ಕೊಳ್ಳುತ್ತೆ."

"ಸರಿ. ಮೊದಲ ದಿನವೇ ನೋಡೋಣ. ಒಂದೇ ಒಂದು ತಿರುವಲ್ಲಿ ನಿನ್ನ ಮಾತು ತಪ್ಪಿದ್ರೆ, ತುಟಿ ಪಿಟಕ್ಕನ್ನದೆ ಹೋಟೆಲಿಗೆ ಹೋಗಿ ಸೇರಬೇಕು."

ಬೆಟ್ಟದ ಮೇಲಿನ ದೊಡ್ಡ ಹೋಟೆಲಿನವರು ಅವಳನ್ನು ಸ್ವಾಗತದ ಮೇಜಿಗೆ ಕರೆದು ಎಷ್ಟೋ ದಿನವಾಗಿತ್ತು. ಒಂದೇ ಕುರ್ಚಿ, ಒಂದೇ ನೀಲಿ ಕೋಟು, ಎಲ್ಲರಿಗೂ ಒಂದೇ ನಗು. ಅಪ್ಪ ಅದಾಗಲೇ ಅವರಿಗೆ ಅರ್ಧ ಮಾತು ಕೊಟ್ಟುಬಿಟ್ಟಿದ್ದ.

"ತಪ್ಪದಿದ್ರೆ?" ಅಂದಿದ್ದಳು ಅವಳು.

"ತಪ್ಪದಿದ್ರೆ ಮತ್ತೆ ಹೋಟೆಲಿನ ಸುದ್ದಿ ಎತ್ತಲ್ಲ."

ಹಾಗಾಗಿ ಬಿಡುವಿನ ನಡುವೆಯೇ ಕೇಳಿದ ಆ ಟಿಣ್ ಅವಳ ಎದೆಯಲ್ಲೇ ಹೊಡೆದಂತಿತ್ತು.

ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಅಮ್ಮ ಅವಳ ಮುಖ ನೋಡಿ, "ಏನೇ ಇದು, ಕಣ್ಣು ಕೆಂಡ ಆಗಿದೆ. ಕರಡಿ ಜೊತೆ ಕುಸ್ತಿ ಆಡಿದ್ಯಾ?" ಅಂದಳು.

"ರಾತ್ರಿ ಯಾರಾದ್ರೂ ಎದ್ದಿದ್ರಾ ಅಮ್ಮ?"

"ನಾನಾ? ದಿಂಬಿಗೆ ತಲೆ ಕೊಟ್ರೆ ಬೆಳಕು ಹರಿಯೋವರೆಗೆ ನನಗೆ ಈ ಲೋಕದ ಪರಿವೆ ಇಲ್ಲ. ನಿಮ್ಮಪ್ಪನ್ನ ಕೇಳು. ಮಂಡಿನೋವು ಅಂತ ಅವರೇ ಓಡಾಡ್ತಿರ್ತಾರೆ."

"ನಾನು ಮಲಗಿದ್ದೆ," ಅಂದ ಅಪ್ಪ ಚಹಾದ ಲೋಟದೊಳಗೇ. ಲೋಟ ಕೆಳಗಿಟ್ಟು, "ಎಲ್ಲಿಗೆ ಬಂತು ನಿನ್ನ ಅರಚಾಟ?" ಅಂತ ಕೇಳಿದ.

"ಮುಗೀತು. ನೀನೂ ಒಂದು ಸಲ ಕೇಳ್ತೀಯಾ?"

"ನನಗೇನು ಕೆಲಸವಿಲ್ವಾ? ಮೂವತ್ತು ವರ್ಷ ನಾನು ಹೇಳಿದ್ದನ್ನ ಈಗ ನಿನ್ನ ಬಾಯಲ್ಲಿ ಕೇಳಬೇಕಾ? ಒಂದಕ್ಷರ ಕೇಳಿಲ್ಲ, ಕೇಳೋದೂ ಇಲ್ಲ."

"ನಿಮ್ಮಪ್ಪಂಗೆ ಹೊಗಳೋಕೆ ಬರಲ್ಲ, ಬೈಯೋದಕ್ಕೆ ಬಿಡುವು ಕೊಡಲ್ಲ," ಅಂದಳು ಅಮ್ಮ. ಅಪ್ಪ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದ.

ಸದ್ದಿನ ವಿಷಯ ಅವಳು ಬಾಯಿ ಬಿಡಲಿಲ್ಲ. ಯಂತ್ರ ಕೈಕೊಟ್ಟಿದೆ ಅಂತ ಅಪ್ಪನಿಗೆ ಗೊತ್ತಾದರೆ ಆಮೇಲೆ ಅದೇ ರಾಗ.

ಅವತ್ತು ಮೈತುಂಬ ಕೆಲಸ. ಬೇಕರಿಗೆ ಬೋರ್ಡು ಹೊತ್ತುಕೊಂಡು ಹೋದಳು. ಬೇಕರಿಯಮ್ಮ ಕೈಯ ಹಿಟ್ಟು ಒರೆಸಿಕೊಂಡು ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಿ, "ಇಲ್ಲಿಂದ ನೋಡಿದ್ರೇನೇ ಹಸಿವಾಗುತ್ತೆ ಕಣೇ," ಅಂದಳು. ಅವಳಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ಎಲ್ಲ ಅಕ್ಷರವನ್ನೂ ಒಮ್ಮೆ ಒಲೆಗೆ ಇಟ್ಟು ತೆಗೆದಂತೆ ಕಂದು ಅಂಚು ಕೊಟ್ಟಿದ್ದಳು; ಬೇಕೆಂದೇ ಕೊಟ್ಟದ್ದು. ಅಲ್ಲಿಂದ ಜೇನಿನವನ ಮನೆ. ಚೀಟಿಯಲ್ಲಿನ ಹುಳು ನೊಣದ ಹಾಗಿದೆ ಅಂತ ಅವನ ತಕರಾರು. "ರೆಕ್ಕೆ ಸ್ವಲ್ಪ ಸಣ್ಣ ಮಾಡು, ಸೊಂಟ ಸ್ವಲ್ಪ ಬಿಗಿ ಮಾಡು." ಹುಳುವಿನ ಸೊಂಟ ಬಿಗಿ ಮಾಡುವುದಾಗಿ ಮಾತು ಕೊಟ್ಟು, ಇಳಿಜಾರಿನ ಮೆಟ್ಟಿಲಿಳಿದು ದಡಕ್ಕೆ ಬಂದಳು. ಲಾಂಚಿನ ಮೂತಿಯ ಮೇಲಿನ ನಂಬರು ಮಾಸಿತ್ತು, ಅದನ್ನು ತಿದ್ದಬೇಕಿತ್ತು.

ಆ ಲಾಂಚು ನಡೆಸುವವನು ಮೀಸೆ ಮಾಮ. ಸಂಬಂಧದಲ್ಲಿ ಮಾಮನಲ್ಲ, ಅಪ್ಪ ಚಾಲಕನಾಗಿದ್ದಾಗ ಮುಂದೆ ನಿಂತು ಹಗ್ಗ ಹಿಡಿಯುವ ಕೆಲಸ ಮಾಡಿಕೊಂಡಿದ್ದವನು. ಅಪ್ಪ ಇಳಿದ ಮೇಲೆ ಅದೇ ಚುಕ್ಕಾಣಿಗೆ ಬಂದ. ಮೀಸೆ ಎಷ್ಟು ದೊಡ್ಡದೋ ಮಾತು ಅಷ್ಟು ಕಡಿಮೆ, ಕೆಲಸ ಮಾಡುವಾಗ. ಕೆಲಸವಿಲ್ಲದಾಗ ಬಾಯಿ ಮುಚ್ಚಿಸುವುದೇ ಕಷ್ಟ.

"ನಿನ್ನ ಟೇಪು ಬಂದ್ರೆ ನನಗೆ ಬದುಕಿದಂಗಾಗುತ್ತೆ ಕಣಮ್ಮ. ಜನ 'ಆ ಮರ ಯಾವುದು, ಈ ಹಕ್ಕಿ ಯಾವುದು' ಅಂತ ಪ್ರಾಣ ತಿಂತಾರೆ. ಮೊನ್ನೆ ಒಬ್ಬಳು ಈ ನೀರಿನ ವಯಸ್ಸೆಷ್ಟು ಅಂತ ಕೇಳಿದ್ಲು. ನಿನಗಿಂತ ದೊಡ್ಡದಮ್ಮ ಅಂದೆ. ಸಿಟ್ಟು ಮಾಡ್ಕೊಂಡ್ಲು."

ಅವಳು ನಕ್ಕು, ಕುಂಚದಲ್ಲಿ ಹೆಚ್ಚಾದ ಬಣ್ಣ ಕೆಡವಲು ಅದರ ಕತ್ತಿನ ತಗಡನ್ನು ಡಬ್ಬದ ಅಂಚಿಗೆ ಬಡಿದಳು. ಟಿಣ್.

ಮಾಮನ ಕೈ ಗಬಕ್ಕನೆ ಪಕ್ಕದ ಕಂಬ ಹಿಡಿಯಿತು. ಮೊಣಕಾಲು ಸ್ವಲ್ಪ ಬಾಗಿತು. ದಡಕ್ಕೆ ಕಟ್ಟಿದ್ದ ಲಾಂಚು ಅಲುಗಿರಲೂ ಇಲ್ಲ.

"ಏನಾಯ್ತು ಮಾಮ?"

"ಥೂ!" ಮಾಮ ಕಂಬ ಬಿಟ್ಟು ತನ್ನ ಕೈಯನ್ನು ತಾನೇ ನೋಡಿ ನಕ್ಕ. "ಎಲ್ಲಾ ನಿಮ್ಮಪ್ಪ ಮಾಡಿದ ಕಿತಾಪತಿ. ಅವರ ಬೆರಳಲ್ಲಿ ಆ ಗುಂಡು ಉಂಗುರ ಇದೆಯಲ್ಲ? ತಿರುಗಿಸೋ ಮುಂಚೆ ಅದರಿಂದ ಚುಕ್ಕಾಣಿ ಚಕ್ರಕ್ಕೆ ಒಂದು ಕೊಡೋರು. ಬಾಯಲ್ಲಿ 'ಹುಷಾರು' ಅನ್ನೋಕೆ ಬಾಯಿ ಖಾಲಿ ಇರಬೇಕಲ್ಲ, ಜನಕ್ಕೆ ಕತೆ ಹೇಳ್ತಿರೋರು! ಅದಕ್ಕೆ ಉಂಗುರ. ಟಿಣ್ ಅಂದ್ರೆ ಗಟ್ಟಿಯಾಗಿ ಹಿಡ್ಕೋ, ತಿರುಗಿಸ್ತೀನಿ ಅಂತ ಅರ್ಥ. ಮುಂದೆ ನಿಂತ ನನಗೆ ಅದೊಂದೇ ಗುರುತು. ಇವತ್ತಿಗೂ ಎಲ್ಲಾದ್ರೂ ಟಿಣ್ ಅಂದ್ರೆ ನನ್ನ ಕೈ ಆಸರೆ ಹುಡುಕುತ್ತೆ. ಒಂದು ಮದುವೆ ಊಟದಲ್ಲಿ ಯಾರೋ ಚಮಚ ಬೀಳಿಸಿದ್ರು, ನಾನು ಪಕ್ಕದವರ ತೋಳು ಹಿಡ್ಕೊಂಡ್ಬಿಟ್ಟೆ. ಯಾರ ಹೆಂಡತಿಯೋ ಏನೋ ಪಾಪ."

ಅವಳು ನಗಲಿಲ್ಲ. ಕುಂಚದ ತುದಿಯಿಂದ ಬಿಳಿ ಬಣ್ಣದ ಹನಿಯೊಂದು ಅವಳ ಚಪ್ಪಲಿಯ ಮೇಲೆ ಬಿತ್ತು, ಇನ್ನೊಂದೂ ಬಿತ್ತು.

"ನನಗೆ ಇದು ಗೊತ್ತೇ ಇರಲಿಲ್ವಲ್ಲ ಮಾಮ."

"ನಿನಗೆಲ್ಲಿ ಗೊತ್ತಾಗಬೇಕು? ನೀನು ಕೂರ್ತಿದ್ದದ್ದು ಹಿಂದೆ, ಇಂಜಿನ್ ಪಕ್ಕ. ಚಳಿ ಅಂತ."

ಆ ರಾತ್ರಿ ಅವಳು ಕರಡಿಯನ್ನು ಇಳಿಸಿ, ಕನ್ನಡಿಯನ್ನು ಸದ್ದಾಗದಂತೆ ಎಳೆದು, ಬಾಗಿಲಿನ ಕಡೆಗೆ ಓರೆಯಾಗಿ ನಿಲ್ಲಿಸಿದಳು. ಬಾಗಿಲನ್ನು ಪೂರ್ತಿ ಹಾಕದೆ ಒಂದು ಬೆರಳಗಲ ಬಿಟ್ಟು, ನಡುವೆ ಬಟ್ಟೆಯ ಸುರುಳಿ ಸಿಕ್ಕಿಸಿದಳು. ಹೊರಗಿನ ಓಣಿಯಲ್ಲಿ ಬಚ್ಚಲ ದೀಪದ ಮಂಕು ಬೆಳಕಿತ್ತು. ಬಾಗಿಲ ಪಕ್ಕದಲ್ಲಿ, ಬೂಟು ಹಾಕಿಕೊಳ್ಳುವಾಗ ಕೂರಲೆಂದು ಇಟ್ಟಿದ್ದ ಕಬ್ಬಿಣದ ಕೈಯ ಹಳೆಯ ಕುರ್ಚಿಯಿತ್ತು, ಖಾಲಿಯಾಗಿತ್ತು. ಅವಳು ಮೈಕಿನ ಮುಂದೆ ಕೂತು, ಶುರುವಿನಿಂದ ಹೇಳತೊಡಗಿದಳು.

"ಲಾಂಚಿಗೆ ಸ್ವಾಗತ. ಇನ್ನು ಸ್ವಲ್ಪ ಹೊತ್ತು ನೀವು ನೆಲವನ್ನು ಮರೆಯಬಹುದು..."

ಮಾತಿನಲ್ಲಿ ದಡ ಬಿಡುವ ಹೊತ್ತಿಗೆ ಕನ್ನಡಿಯಲ್ಲಿ ಏನೋ ಅಲುಗಿತು. ಕಂಬಳಿ ಹೊದ್ದ ಅಪ್ಪ, ಮಂಡಿ ಹಿಡಿದುಕೊಂಡು, ಕಳ್ಳಬೆಕ್ಕಿನ ಹಾಗೆ ಬಂದು ಕುರ್ಚಿಯಲ್ಲಿ ಕೂತ. ಕಣ್ಣು ಮುಚ್ಚಿಕೊಂಡ. ಅವಳು ದಡದ ಮಾತು ಮುಗಿಸಿ, ಮೊದಲ ತಿರುವಿನ ಬಿಡುವು ಬಿಟ್ಟಳು. ಅಪ್ಪನ ಬಲಗೈ ಕಂಬಳಿಯಿಂದ ಹೊರಗೆ ಬಂತು. ಉಂಗುರದ ಬೆರಳು ಕುರ್ಚಿಯ ಕೈಗೆ ಒಂದು ಏಟು ಕೊಟ್ಟಿತು. ಟಿಣ್. ಆಮೇಲೆ ಎರಡೂ ಕೈ ಮೇಲೆದ್ದು, ಕತ್ತಲಲ್ಲಿ ಕಾಣದ ಚಕ್ರವೊಂದನ್ನು ಹಿಡಿದು, ನಿಧಾನವಾಗಿ ಎಡಕ್ಕೆ ತಿರುಗಿಸಿದವು. ಅವನ ಹೆಗಲೂ ಅಷ್ಟೇ ವಾಲಿತು.

ಅವಳ ದನಿ ನಡುಗಲಿಲ್ಲ. ಎದುರಿಗೆ ಏನೇ ಕಂಡರೂ ದನಿ ನಡುಗಬಾರದು. ಅದು ಅವಳ ಕಸುಬು. ಅವಳು ಮುಖ ತೊಳೆಯೋ ಅಜ್ಜಿಯ ಬಳಿ ಬಂದಳು, ಮುಳುಗಿದ ಮರಗಳ ಕೊಲ್ಲಿಗೆ ಬಂದಳು, ಕೂಗಿದರೆ ಮರುಕೂಗುವ ಬೆಟ್ಟದ ಬುಡಕ್ಕೆ ಬಂದಳು. ಅಪ್ಪನ ತುಟಿಯೂ ಅಲುಗುತ್ತಿತ್ತು. ಅವನು ಹೇಳಿಕೊಳ್ಳುತ್ತಿದ್ದದ್ದು ತನ್ನ ಹಳೆಯ ಮಾತನ್ನಲ್ಲ, ಅವಳು ಬರೆದ ಮಾತನ್ನು. ಒಂದಕ್ಷರ ಕೇಳಿಲ್ಲ ಅಂದವನಿಗೆ ಒಂದಕ್ಷರ ಬಿಡದೆ ಬಾಯಿಪಾಠವಾಗಿತ್ತು. ಮರುಕೂಗುವ ಬೆಟ್ಟದ ಹತ್ತಿರ ಅವಳು ಅಪ್ಪನದೇ ಒಂದು ಹಳೆಯ ತಮಾಷೆಯನ್ನು ಸೇರಿಸಿದ್ದಳು: "ಇಲ್ಲಿ ಗಂಡಂದಿರು ಹುಷಾರಾಗಿರಿ, ಹೆಂಡತಿ ಹೇಳಿದ್ದನ್ನೇ ಬೆಟ್ಟ ಇನ್ನೊಂದು ಸಲ ಹೇಳುತ್ತೆ." ಕನ್ನಡಿಯಲ್ಲಿ ಅಪ್ಪ ಹಲ್ಲು ಬಿಟ್ಟು, ಸದ್ದು ಹೊರಬರದ ಹಾಗೆ ಕಂಬಳಿ ಕಚ್ಚಿಕೊಂಡ.

ಕೊನೆಯ ಮಾತು ಮುಗಿಯುವ ಮುಂಚೆಯೇ ಕುರ್ಚಿ ಖಾಲಿಯಾಗಿತ್ತು.

ಆ ಸದ್ದುಗಳನ್ನು ಅಳಿಸುವುದು ಅವಳಿಗೆ ಎಷ್ಟು ಹೊತ್ತಿನ ಮಾತು? ಅಳಿಸಲೆಂದೇ ಕೂತಳು. ಪರದೆಯ ಮೇಲೆ ಅವಳ ಮಾತು ಬೆಟ್ಟದ ಸಾಲಿನಂತೆ ಏರಿಳಿದು, ನಡುನಡುವೆ ಬಿಡುವಿನ ಚಪ್ಪಟೆ ನೀರು. ಪ್ರತಿ ನೀರಿನ ನಡುವೆ ಒಂದು ಸಣ್ಣ ಕಡ್ಡಿ. ತಾನು ಸುತ್ತಿನ ಮೇಲೆ ಸುತ್ತು ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು ಗುರುತು ಮಾಡಿಕೊಂಡ ಜಾಗಗಳೊಂದಿಗೆ ಅದನ್ನು ಹೋಲಿಸಿ ನೋಡಿದಳು. ಒಂದು ತಿರುವೂ ಬಿಟ್ಟುಹೋಗಿರಲಿಲ್ಲ. ಒಂದು ಏಟೂ ಬೇಡದ ಕಡೆ ಬಿದ್ದಿರಲಿಲ್ಲ. ಕಣ್ಣು ಮುಚ್ಚಿ, ನೀರಿಲ್ಲದೆ, ಇಂಜಿನ್ನಿಲ್ಲದೆ, ಬರೀ ಅವಳ ದನಿಯನ್ನು ಹಿಡಿದು ಒಬ್ಬ ಮನುಷ್ಯ ಇಡೀ ಸರೋವರವನ್ನು ಸುತ್ತಿ ಬಂದಿದ್ದ, ಎಲ್ಲಿಯೂ ದಡಕ್ಕೆ ತಾಗದೆ. ಅದೂ ಎಂಥ ಮನುಷ್ಯ!

ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನಾವುದು? ಅವಳು ಅಳಿಸಲಿಲ್ಲ. ಎಲ್ಲ ಏಟನ್ನೂ ಇದ್ದ ಹಾಗೇ ಇಟ್ಟು, ಬೆಳಿಗ್ಗೆ ಸಂಘಕ್ಕೆ ಕೊಟ್ಟುಬಂದಳು. ಕೊಟ್ಟಮೇಲೆ ಹೆದರಿಕೆಯಾಯಿತು, ಮೆಟ್ಟಿಲ ಮೇಲೆ ನಿಂತು ವಾಪಸು ಹೋಗಿ ತಂದುಬಿಡಲೇ ಎಂದು ಯೋಚಿಸಿದಳು. ಅಷ್ಟರಲ್ಲಿ ಶಾಲೆಯಿಂದ ಕರಡಿಗಾಗಿ ಫೋನು ಬಂತು.

ಟೇಪು ಹಾಕಿಕೊಂಡು ಲಾಂಚು ಹೊರಡುವ ಮೊದಲ ದಿನ ಗಾಳಿ ಎದುರಾಯಿತು.

ಬೇಕೆಂದೇ ಎದ್ದಂಥ ಗಾಳಿ. ನೀರೆಲ್ಲ ಸಣ್ಣ ಸಣ್ಣ ಹಲ್ಲು ಬಿಟ್ಟುಕೊಂಡಿತ್ತು. ಸಂಘದವರು, ಅವರ ಮನೆಯವರು, ಬೇಕರಿಯಮ್ಮ, ಜೇನಿನವ, ಎಲ್ಲ ಬೆಂಚು ತುಂಬಿ ಕೂತರು. ಅಪ್ಪ ಒಳ್ಳೆಯ ಕೋಟು ಹಾಕಿಕೊಂಡು ಅಮ್ಮನೊಂದಿಗೆ ಬಂದು ಮುಂದಿನ ಬೆಂಚಿನಲ್ಲಿ ಕೂತ. "ಕೇಳಲ್ಲ ಅಂದಿದ್ರಲ್ಲ ಅಣ್ಣ?" ಅಂತ ಸಂಘದ ಕಾರ್ಯದರ್ಶಿ ಕೆಣಕಿದರೆ, "ಟೇಪು ಕೇಳೋಕೆ ಬಂದಿಲ್ಲ. ಅದು ತಪ್ಪೋದನ್ನ ನೋಡೋಕೆ ಬಂದಿದ್ದೀನಿ," ಅಂದ. ಅವಳ ಕೊರಳಲ್ಲಿ ಕ್ಯಾಮೆರಾ ಇತ್ತು. ಅವತ್ತಿನ ಫೋಟೋ ತೆಗೆಯುವ ಕೆಲಸವೂ ಹತ್ತುಕೈಯದೇ. ಅದೊಂದು ಪುಣ್ಯ. ಮುಖಕ್ಕೆ ಏನಾದರೂ ಅಡ್ಡ ಹಿಡಿದುಕೊಳ್ಳಲು ಬೇಕಿತ್ತು.

ಮೀಸೆ ಮಾಮ ಇಂಜಿನ್ ಹಚ್ಚಿದ. ಅವನ ತಲೆಯ ಮೇಲಿನ ಸ್ಪೀಕರಿನಿಂದ ಅವಳ ದನಿ ಹೊರಟಿತು. ಸ್ವಾಗತ ಮುಗಿದು, ಲಾಂಚು ದಡದಿಂದ ಮೂತಿ ತಿರುಗಿಸುವ ಹೊತ್ತು. ಟಿಣ್.

ಮಾಮನ ಬೆನ್ನು ಸೆಟೆಯಿತು. ತಲೆಯೆತ್ತಿ ಸ್ಪೀಕರನ್ನು ನೋಡಿದ. ಹೊರಳಿ ಅಪ್ಪನನ್ನು ನೋಡಿದ. ಅಪ್ಪನ ಕಣ್ಣು ದೂರದ ನೀರಿನ ಮೇಲಿತ್ತು. ಇಂಜಿನಿನ ಅಬ್ಬರದಲ್ಲಿ ಅವನಿಗೆ ಕೇಳಿತೋ ಇಲ್ಲವೋ. ಮಾಮ ಚಕ್ರ ತಿರುಗಿಸಿದ.

ಬಯಲು ನೀರಿಗೆ ಬರುತ್ತಲೇ ಗಾಳಿ ಎದೆಗೆ ಕೈಯಿಟ್ಟು ತಳ್ಳಿದಂತೆ ಲಾಂಚು ನಿಧಾನವಾಯಿತು. ಸ್ಪೀಕರಿನಲ್ಲಿ ಬಯಲು ನೀರಿನ ಮಾತು ಮುಗಿಯಿತು. ಬಿಡುವು ಶುರುವಾಯಿತು. ಗುಡ್ಡದ ಮೂಲೆ ಇನ್ನೂ ದೂರದಲ್ಲಿತ್ತು, ಅಜ್ಜಿಬಂಡೆ ಅದರಾಚೆ. ತಾನೇ ಅಳೆದು ಬಿಟ್ಟ ಬಿಡುವು ಅದು, ಎಷ್ಟು ಉದ್ದವಿದೆಯೆಂದು ಅವಳಿಗೆ ಗೊತ್ತು. ಈ ವೇಗದಲ್ಲಿ ಅದು ಸಾಲದು ಎಂದೂ ಗೊತ್ತಾಯಿತು.

ಅಪ್ಪ ಬೆಂಚಿನ ಅಂಚಿಗೆ ಬಂದು ಕೂತಿದ್ದ. ಕುತ್ತಿಗೆಯ ನರ ಎದ್ದಿತ್ತು.

"ಯಾಕ್ರೀ ಹೀಗೆ ಬಿಗಿದುಕೊಂಡಿದ್ದೀರ?" ಅಂದಳು ಅಮ್ಮ. "ತಪ್ಪಿದ್ರೆ ಗೆಲ್ಲೋರು ನೀವೇ ಅಲ್ವಾ?"

"ಸುಮ್ನಿರು ನೀನು," ಅಂದ ಅಪ್ಪ.

ಟಿಣ್.

ಅಷ್ಟು ಸಾಕಾಯಿತು. ಉಂಗುರ ಹೊಡೆದಾಗ ಲಾಂಚು ಎಲ್ಲಿರಬೇಕು ಅನ್ನುವುದು ಮಾಮನ ಮೊಣಕಾಲಿಗೆ ಗೊತ್ತಿತ್ತು, ಅಂಗೈಗೆ ಗೊತ್ತಿತ್ತು. ತಾನು ಹಿಂದೆ ಬಿದ್ದಿದ್ದೇನೆ ಅಂತ ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ಅವನ ಎಡಗೈ ವೇಗದ ಹಿಡಿಯನ್ನು ಕೊನೆಯವರೆಗೂ ತಳ್ಳಿತು. ಇಂಜಿನ್ ಗುಡುಗಿತು, ಲಾಂಚು ಮೂತಿಯೆತ್ತಿ ನೀರನ್ನು ಸೀಳಿತು. ಬೇಕರಿಯಮ್ಮನ ಟೋಪಿ ಹಾರಿ ಜೇನಿನವನ ಮುಖಕ್ಕೆ ಅಂಟಿತು. ಬಿಡುವು ಇನ್ನೂ ಉಳಿದಿತ್ತು. ಗುಡ್ಡದ ಮೂಲೆ ಹತ್ತಿರ ಬಂತು. ಬಿಡುವು ಉಳಿದಿತ್ತು. ಮಾಮ ಚಕ್ರ ತಿರುಗಿಸಿದ, ಎಲ್ಲರೂ ಒಂದೇ ಕಡೆಗೆ ವಾಲಿದರು.

"ಈಗ ನಿಮ್ಮ ಎಡಗಡೆಗೆ ನೋಡಿ," ಅಂದಿತು ಅವಳ ದನಿ.

ಎಲ್ಲರೂ ಎಡಗಡೆಗೆ ನೋಡಿದರು. ಗುಡ್ಡದ ಮರೆಯಿಂದ ಮೊದಲು ಮೂಗು, ಆಮೇಲೆ ಬಾಗಿದ ಬೆನ್ನು. ಮುಖ ತೊಳೆಯೋ ಅಜ್ಜಿ ಕರೆದ ಕೂಡಲೇ ಬಂದವಳಂತೆ ಬಂದಳು. ಬೆಂಚುಗಳಿಂದ ಒಂದು ಹೋ ಎದ್ದಿತು. ಯಾರೋ ಚಪ್ಪಾಳೆ ತಟ್ಟಿದರು.

ಅವಳು ಬಂಡೆಯನ್ನು ನೋಡಲಿಲ್ಲ. ಕ್ಯಾಮೆರಾದೊಳಗಿನಿಂದ ಅಪ್ಪನನ್ನು ನೋಡುತ್ತಿದ್ದಳು. ಈ ಸಲ ಅವನಿಗೆ ಕೇಳಿಸಿತ್ತು. ಅಪ್ಪ ಬಲಗೈ ಎತ್ತಿ, ಉಂಗುರವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಅವಳ ಬೆರಳು ತಾನಾಗಿ ಒತ್ತಿತು. ಅಪ್ಪ ತಲೆಯೆತ್ತಿ ಸುತ್ತ ನೋಡಿ, ಕೈಯನ್ನು ಮೆಲ್ಲಗೆ ಕೋಟಿನ ಜೇಬಿನೊಳಗೆ ಬಚ್ಚಿಟ್ಟ. ಅಷ್ಟರಲ್ಲಿ ಅವಳು ಕ್ಯಾಮೆರಾವನ್ನು ಬಂಡೆಯ ಕಡೆಗೆ ತಿರುಗಿಸಿಯಾಗಿತ್ತು.

ಆಮೇಲೆ ಒಂದು ತಿರುವೂ ತಪ್ಪಲಿಲ್ಲ. ಮುಳುಗಿದ ಮರಗಳು ಹೇಳಿದ ಹೊತ್ತಿಗೆ ಬಂದವು, ಮರುಕೂಗುವ ಬೆಟ್ಟದ ಹತ್ತಿರ ಗಂಡಂದಿರೆಲ್ಲ ನಕ್ಕರು, ಹೆಂಡತಿಯರು ಅವರಿಗೆ ತಿವಿದರು. ಅವಳು ಸೆಟೆದು ನಿಂತು ಒಂದೊಂದೇ ಮುಖವನ್ನು ಹಿಡಿಯುತ್ತ ಹೋದಳು. ತಾನು ಬರೆದ ಮಾತು, ತನ್ನ ದನಿ, ತಾನು ತಿದ್ದಿದ ನಂಬರಿನ ಲಾಂಚು. ಜನರ ಕೈಯಲ್ಲಿ ತಾನು ಬಣ್ಣ ತುಂಬಿದ ನಕಾಶೆ. ಏಳು ದೋಣಿಗಳೆಲ್ಲ ಅವತ್ತು ಒಂದೇ ದೋಣಿಯಾಗಿ ತೇಲುತ್ತಿದ್ದವು. ಅವಳು ಅದರ ಮೇಲೆ ಎರಡೇ ಕಾಲಿನಲ್ಲಿ ಗಟ್ಟಿಯಾಗಿ ನಿಂತಿದ್ದಳು.

ದಡಕ್ಕೆ ಬಂದಮೇಲೆ ಕಾರ್ಯದರ್ಶಿ ಅವಳ ಕೈ ಕುಲುಕಿ, "ಬಹಳ ಚೆನ್ನಾಗಿದೆಯಮ್ಮ. ಆದ್ರೆ ನಡುನಡುವೆ ಟಿಣ್ ಟಿಣ್ ಅಂತ ಏನೋ ಬರುತ್ತಲ್ಲ? ಅದನ್ನ ತೆಗೆದುಬಿಡೋಕೆ ಆಗುತ್ತಾ?" ಅಂದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಮಾಮ ಅಡ್ಡ ಬಂದ. "ಅದನ್ನ ಮುಟ್ಟಬೇಡಿ ಸ್ವಾಮಿ. ಅದು ನಿಮಗಲ್ಲ, ನಮಗೆ. ತಿರುವು ಬಂತು ಅಂತ ಗುರುತು. ಅದಿಲ್ದಿದ್ರೆ ಇವತ್ತು ಅಜ್ಜಿ ಬರೋ ಮುಂಚೆ ಮಾತು ಹೊರಟುಹೋಗ್ತಿತ್ತು." ಆಮೇಲೆ ಅಪ್ಪನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದ: "ಅಣ್ಣ, ಇವತ್ತು ನೀವೇ ನನ್ನ ಬೆನ್ನ ಹಿಂದೆ ನಿಂತಂಗಿತ್ತು."

"ನಿಂತಿರಲಿಲ್ಲ," ಅಂದ ಅಪ್ಪ. "ಕೂತಿದ್ದೆ."

ಅವನ ಕೈ ಇನ್ನೂ ಜೇಬಿನಲ್ಲೇ ಇತ್ತು. ಮೆಟ್ಟಿಲು ಹತ್ತುವಾಗಲೂ ಅದನ್ನು ಹೊರತೆಗೆಯದೆ, ಎಡಗೈಯಲ್ಲೇ ಕಂಬಿ ಹಿಡಿದು ಹತ್ತಿದ. ಎರಡು ಮೆಟ್ಟಿಲು ಹತ್ತಿ ನಿಂತು, ಹಿಂತಿರುಗಿ ನೋಡದೆಯೇ ಕಾರ್ಯದರ್ಶಿಗೆ ಕೂಗಿ ಹೇಳಿದ:

"ಹೋಟೆಲಿನವರು ಸಿಕ್ರೆ ಹೇಳಿಬಿಡಿ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ. ನಮ್ಮ ಹುಡುಗಿಗೆ ಕೆಲಸ ಇದೆ."

ಅಮ್ಮ ತಿರುಗಿ ಅವಳ ಮುಖ ನೋಡಿದಳು. ಅವಳು ಕ್ಯಾಮೆರಾದ ಪಟ್ಟಿ ಸರಿಮಾಡಿಕೊಳ್ಳುತ್ತ ತಲೆ ಬಗ್ಗಿಸಿದಳು. ಮುಖದ ಮೇಲೆ ಏನೇನು ಕಾಣುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಸಂಜೆ ಹಿಂಬದಿಯ ಕೋಣೆಯಲ್ಲಿ ಕೂತು, ಸಂಘಕ್ಕೆ ಕಳಿಸಬೇಕಾದ ಫೋಟೋಗಳನ್ನು ಆರಿಸಿದಳು. ಹಾರಿದ ಟೋಪಿ, ನಗುವ ಗಂಡಂದಿರು, ಚುಕ್ಕಾಣಿ ಹಿಡಿದ ಮೀಸೆ. ನಡುವೆ ಅದೊಂದು ಬಂತು: ಎಲ್ಲರೂ ಎಡಗಡೆಗೆ ನೋಡುತ್ತಿದ್ದಾರೆ, ಒಬ್ಬ ಮುದುಕ ಮಾತ್ರ ತನ್ನ ಕೈ ನೋಡಿಕೊಳ್ಳುತ್ತಿದ್ದಾನೆ. ಗೊತ್ತಿಲ್ಲದವರಿಗೆ ಅದರಲ್ಲಿ ಏನೂ ಇಲ್ಲ. ಅವಳು ಅದನ್ನು ಕಳಿಸುವವುಗಳ ಜೊತೆ ಸೇರಿಸಲಿಲ್ಲ, ಅಳಿಸಲೂ ಇಲ್ಲ.

ಅಮ್ಮ ಚಹಾ ತಂದಿಟ್ಟು, ಹೋಗುವ ಮುಂಚೆ ಬಾಗಿಲಲ್ಲಿ ನಿಂತಳು. "ಅಲ್ಲ ಕಣೇ, ಆ ಸದ್ದು ನಿಜವಾಗ್ಲೂ ಏನದು? ನಿಮ್ಮಪ್ಪನ್ನ ಕೇಳಿದ್ರೆ ಸ್ಪೀಕರ್ ಕೆಟ್ಟಿದೆ ಅಂತಾರೆ."

ಓಣಿಯಲ್ಲಿ ಕಬ್ಬಿಣದ ಕುರ್ಚಿ ಇದ್ದಲ್ಲೇ ಇತ್ತು. ಅದರ ಮೇಲೊಂದು ಮೆತ್ತೆ ಹಾಕಬೇಕು, ಆ ಮಂಡಿಗೆ ಒಳ್ಳೆಯದು ಎಂದು ಮಧ್ಯಾಹ್ನದಿಂದ ಅವಳಿಗೆ ಅನ್ನಿಸುತ್ತಿತ್ತು. ಮೆತ್ತೆ ಕಂಡರೆ ತಾನು ಅವನನ್ನು ನೋಡಿದ್ದು ಅವನಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ಮತ್ತೆಂದೂ ಬಂದು ಕೂರುವುದಿಲ್ಲ. ನಾಳೆ ಮಕ್ಕಳ ಕತೆಯೊಂದನ್ನು ಮೈಕಿನ ಮುಂದೆ ಓದುವುದಿತ್ತು. ಅದರಲ್ಲಿ ತಿರುವುಗಳು ಬೇಕಾದಷ್ಟಿದ್ದವು.

"ಏನೋ ಗೊತ್ತಿಲ್ಲಮ್ಮ," ಅಂದಳು ಅವಳು. "ಸ್ಪೀಕರೇ ಇರಬೇಕು."

ಅಮ್ಮನಿಗಲ್ಲ, ಮೀಸೆ ಮಾಮನಿಗಲ್ಲ, ಅಪ್ಪನಿಗಂತೂ ಅಲ್ಲವೇ ಅಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ, ಚಹಾದ ಲೋಟಕ್ಕೆ ಚಮಚ ತಾಗದ ಹಾಗೆ ಸಕ್ಕರೆ ಕದಡುತ್ತ, ತೀರ್ಮಾನಿಸಿದಳು.